ಕಿತ್ತಳೆ ಸ್ಪಂಜಿನ ಜಗಳ

"ಯಾರು ನನ್ನ ಟ್ಯಾಂಕಿಗೆ ಕೈ ಹಾಕಿದ್ದು?"

ಬಿಂದು ಕೂಗಿದ ಕೂಗಿಗೆ ಅಡುಗೆಮನೆಯಲ್ಲಿ ಅಜ್ಜಿಯ ಕೈಯಿಂದ ಸೌಟು ಜಾರಿತು. ಮಹಡಿಯಲ್ಲಿ ಓದುತ್ತಿದ್ದ ನಿಶಾಂತ್ ಪುಸ್ತಕ ಕವುಚಿ ಹಾಕಿ ಮೆಟ್ಟಿಲಿಳಿದು ಬಂದ. ಪಕ್ಕದ ಮನೆಯ ನಾಯಿ ಕೂಡ ಒಮ್ಮೆ ಬೊಗಳಿ ಸುಮ್ಮನಾಯಿತು.

ಮುಂದಿನ ಕೋಣೆಯ ಮೂಲೆಯಲ್ಲಿದ್ದ ಗಾಜಿನ ಟ್ಯಾಂಕಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ನಿನ್ನೆ ಮಲಗುವಾಗ ಅದು ಹಿಂದಿನ ಗೋಡೆ ಕಾಣುವಷ್ಟು ತಿಳಿಯಾಗಿತ್ತು. ಈಗ ಹತ್ತಿರ ಹೋದರೆ ಕೊಳೆತ ವಾಸನೆ. ಜಿಲೇಬಿ ನೀರಿನ ಮೇಲೆ ಅಡ್ಡಡ್ಡ ತೇಲುತ್ತಿತ್ತು. ಬೂಂದಿ ಒಂದು ಮೂಲೆಯಲ್ಲಿ ಮೂತಿ ಮೇಲೆತ್ತಿ ಬಾಯಿ ಬಡಿಯುತ್ತಿತ್ತು.

ಜಿಲೇಬಿ, ಬೂಂದಿ ಎಂದರೆ ತಿನ್ನುವ ತಿಂಡಿಯಲ್ಲ. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆ ಇರುವ ಎರಡು ಪುಟ್ಟ ಮೀನು. ಉಪ್ಪುನೀರಿನಲ್ಲಿ ಮಾತ್ರ ಬದುಕುವ ಜಾತಿಯವು.

"ಜಿಲೇಬಿ ಸತ್ತೋಯ್ತಾ?" ಎಂದ ನಿಶಾಂತ್.

"ಕಣ್ಣು ಕಾಣಲ್ವಾ ನಿಂಗೆ?" ಎಂದು ಬಿಂದು ಅವನ ಮೇಲೇ ಹರಿಹಾಯ್ದಳು.

ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಬಿಂದುವಿನ ಕತೆ ಯಾವಾಗಲೂ ಇಷ್ಟೆ. ಅಳು ಚಪ್ಪಲಿ ಹಾಕಿಕೊಂಡು ಹೊರಡುವಷ್ಟರಲ್ಲಿ ಸಿಟ್ಟು ಬಂದು ಬಾಗಿಲಲ್ಲಿ ಕೂತಿರುತ್ತದೆ.

ಇವರ ಊರಿನ ಹೆಸರೇನೋ ಸಾಗರ. ಆದರೆ ಸಮುದ್ರ ನೋಡಬೇಕೆಂದರೆ ಘಾಟಿ ಇಳಿದು ಹೊನ್ನಾವರಕ್ಕೇ ಹೋಗಬೇಕು. ಬಿಂದುವಿನ ಅಪ್ಪ ಉಮೇಶ್ ವಾರವಿಡೀ ಹೋಗುತ್ತಾರೆ. ಬೆಳಕು ಹರಿಯುವ ಮೊದಲೇ ಬಂದರಿನಲ್ಲಿ ಮೀನು ಕೊಂಡು, ವ್ಯಾನಿಗೆ ತುಂಬಿ, ಸಾಗರದ ಮಾರ್ಕೆಟ್ಟಿಗೆ ತಂದು ಮಾರುವುದು ಅವರ ಕೆಲಸ. ಊರು ಬಿಟ್ಟು ಹೋದ ಡಾಕ್ಟರೊಬ್ಬರು "ಮಗಳಿಗೆ ಕೊಡಿ" ಎಂದು ಈ ಟ್ಯಾಂಕನ್ನು ಅವರಿಗೆ ಕೊಟ್ಟಿದ್ದರು. ವ್ಯಾನು ಹೇಗೂ ಸಮುದ್ರಕ್ಕೆ ಹೋಗುತ್ತದೆ, ಬರುವಾಗ ಕ್ಯಾನಿನಲ್ಲಿ ಸಮುದ್ರದ ನೀರೂ ಬರುತ್ತದೆ. ಹೀಗೆ ಬಿಂದುವಿನ ಮನೆಯ ಮೂಲೆಗೆ ಒಂದು ಚೂರು ಸಮುದ್ರ ಬಂದು ಕೂತಿತ್ತು. ಐದನೇ ಕ್ಲಾಸಿನಲ್ಲಿ ಅಂಥದ್ದು ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅದನ್ನು ಬಿಂದು ವಾರಕ್ಕೊಮ್ಮೆಯಾದರೂ ಎಲ್ಲರಿಗೂ ನೆನಪು ಮಾಡುತ್ತಿದ್ದಳು.

ನಿಶಾಂತ್ ಗಾಜಿಗೆ ಮೂಗು ತಾಗಿಸಿ ಒಳಗೆ ಇಣುಕಿದ. ಅವನು ಬಿಂದುವಿನ ದೊಡ್ಡಪ್ಪನ ಮಗ. ತೀರ್ಥಹಳ್ಳಿ ಕಡೆಯವನು, ಪಿಯುಸಿ ಓದಲು ಇವರ ಮನೆಯಲ್ಲಿದ್ದ.

"ಬಿಂದೂ, ನಿನ್ನ ಸ್ಪಂಜು ನೋಡು," ಎಂದ.

ಒಳಗಿದ್ದ ಸಮುದ್ರದ ಕಲ್ಲಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಸ್ಪಂಜು ನಿಂತಿತ್ತು. ಅರಿಶಿನದ ಕೊಂಬಿನ ಹಾಗೆ ಕವಲೊಡೆದ ಸ್ಪಂಜು. ಆದರೆ ಅದರ ತುದಿಗಳೆಲ್ಲ ಬೆಳ್ಳಗಾಗಿದ್ದವು. ಮೈಮೇಲೆ ಲೋಳೆ. ಒಂದು ಕವಲು ತುಂಡಾಗಿ ಮರಳಿನ ಮೇಲೆ ಬಿದ್ದಿತ್ತು.

"ಇದು ಕೊಳೀತಿದೆ. ತೆಗೆದುಬಿಡೋಣ," ಎಂದ ನಿಶಾಂತ್.

"ಮುಟ್ಟಬೇಡ! ಅದು ನೀರು ಕ್ಲೀನ್ ಮಾಡ್ತದೆ. ನೀನೇ ಹೇಳಿದ್ದಲ್ವಾ?"

ಹೇಳಿದ್ದು ಹೌದು. ಸ್ಪಂಜು ಒಂದು ಪ್ರಾಣಿ, ಮೈತುಂಬ ಇರುವ ಸಣ್ಣ ತೂತುಗಳಿಂದ ನೀರನ್ನು ಎಳೆದುಕೊಂಡು, ಅದರಲ್ಲಿರುವ ಚೂರುಪಾರು ತಿಂದು, ಚೊಕ್ಕ ನೀರನ್ನು ಹೊರಗೆ ಬಿಡುತ್ತದೆ ಎಂದು ಅವನೇ ಮೊಬೈಲಿನಲ್ಲಿ ಓದಿ ಹೇಳಿದ್ದ. ಬಿಂದು ಮಾರನೇ ದಿನವೇ ಅದನ್ನು ಕ್ಲಾಸಿನಲ್ಲಿ ಸಾರಿದ್ದಳು.

"ಸ್ಪಂಜು ಪ್ರಾಣಿಯಾ?" ಎಂದು ಅವಳ ಗೆಳತಿ ಸೌಜನ್ಯಾ ಕೇಳಿದ್ದಳು. "ಹಂಗಾದ್ರೆ ನಮ್ಮನೆ ಸಿಂಕಲ್ಲಿ ಒಂದು ಪ್ರಾಣಿ ಇದೆ ಕಣೇ, ದಿನಾ ಸೋಪು ತಿಂತದೆ!"

ಇಡೀ ಕ್ಲಾಸು ನಕ್ಕಿತ್ತು. ಬಿಂದು ಕಿವಿಯವರೆಗೂ ಕೆಂಪಾಗಿ, "ಮುಂದಿನ ವಾರ ಭಾನುವಾರ ಮನೆಗೆ ಬಾ, ನಿಜವಾದ್ದನ್ನ ತೋರಿಸ್ತೀನಿ," ಎಂದು ಸವಾಲು ಹಾಕಿ ಬಂದಿದ್ದಳು. ಮನೆಗೆ ಬಂದವಳೇ ಸ್ಪಂಜು ಬೇಕೆಂದು ಅಪ್ಪನ ಬೆನ್ನು ಬಿದ್ದಿದ್ದಳು. ಬಣ್ಣದ ಸ್ಪಂಜು ಮನೆಯ ಟ್ಯಾಂಕಿನಲ್ಲಿ ಬದುಕುವುದು ಕಷ್ಟವಂತೆ ಎಂದು ನಿಶಾಂತ್ ಹೇಳಿದ್ದು ಅವಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು. ಹೋದ ವಾರ ಅಪ್ಪ ತಂದೇ ತಂದರು. ಅವಳು ಶಾಲೆಯಿಂದ ಬರುವಷ್ಟರಲ್ಲಿ ಸ್ಪಂಜು ಟ್ಯಾಂಕಿನೊಳಗೆ ಕೂತಿತ್ತು.

ಇವತ್ತು ಭಾನುವಾರ. ಇನ್ನೇನು ಸೌಜನ್ಯಾ ಬರುತ್ತಾಳೆ. ಟ್ಯಾಂಕು ನೋಡಿದರೆ ಹೀಗೆ.

ನಿಶಾಂತ್ ಉಡುಪಿಗೆ ಫೋನ್ ಮಾಡಿದ. ಜಿಲೇಬಿ, ಬೂಂದಿ ಬಂದದ್ದು ಅಲ್ಲಿನ ರವೀಶ್ ಎಂಬವರ ಸಾಕುವ ಮೀನಿನ ಅಂಗಡಿಯಿಂದ. ಅವನು ಸ್ಪೀಕರ್ ಹಾಕಿ ಎಲ್ಲವನ್ನೂ ವಿವರಿಸಿದ.

"ಅಯ್ಯೋ ಮಾರಾಯ, ಮೊದ್ಲು ಆ ಸ್ಪಂಜನ್ನು ಹೊರಗೆ ಬಿಸಾಡು!" ಎಂದರು ರವೀಶ್. "ಅದು ಸತ್ತು ಕೊಳೆತು ನೀರಿಗೆಲ್ಲ ವಿಷ ಬಿಡ್ತಾ ಉಂಟು. ಆಮೇಲೆ ಅರ್ಧ ನೀರು ಬದಲಾಯಿಸು. ಗಾಳಿ ಮೋಟರ್ ಜೋರು ಮಾಡು. ಇಲ್ಲದಿದ್ರೆ ಇನ್ನೊಂದು ಮೀನೂ ಸಂಜೆವರೆಗೆ ಇರುದಿಲ್ಲ."

ಬಿಂದು ಫೋನಿನ ಹತ್ತಿರ ಬಾಯಿ ತಂದು, "ಸ್ಪಂಜು ಒಳ್ಳೇದಲ್ವಾ ಅಂಕಲ್? ಅದು ಯಾಕೆ ಸತ್ತೋಯ್ತು?" ಎಂದು ಕೇಳಿದಳು. ಕೇಳಿದ್ದಲ್ಲ, ಗದರಿಸಿದ್ದು.

"ಬದುಕಿದ್ರೆ ಒಳ್ಳೇದೇ ಮಗಾ. ಅದನ್ನು ನೀರಿಂದ ಹೊರಗೆ ಏನಾದ್ರೂ ತೆಗ್ದಿದ್ರಾ? ಗಾಳಿ ತಾಗಿದ್ರೆ ಮುಗೀತು. ಅದರ ತೂತಿಗೆಲ್ಲ ಗಾಳಿ ಹೋಗಿ ಕೂತ್ಕೊಳ್ತದೆ, ಮತ್ತೆ ನೀರು ಎಳೀಲಿಕ್ಕೆ ಆಗುದಿಲ್ಲ. ಒಂದು ವಾರ ನೋಡ್ಲಿಕ್ಕೆ ಚಂದ ಕಾಣ್ತದೆ. ಒಳಗಿಂದ ಸಾಯ್ತಾ ಇರ್ತದೆ."

"ನಾನು ತೆಗ್ದಿಲ್ಲ! ನಾನು ಮುಟ್ಟೇ ಇಲ್ಲ!"

"ಹಂಗಾದ್ರೆ ಯಾರೋ ತೆಗ್ದಿರ್ಬೇಕು, ನೋಡಿ."

ಯಾರೋ. ಬಿಂದುವಿನ ತಲೆಯಲ್ಲಿ ಆ 'ಯಾರೋ'ಗೆ ಮುಖ ಬರಲು ಒಂದು ನಿಮಿಷವೂ ಬೇಕಾಗಲಿಲ್ಲ. ಅವಳು ಸರ್ರನೆ ಅಡುಗೆಮನೆಯ ಕಡೆ ತಿರುಗಿದಳು.

ಅಜ್ಜಿಯ ಹೆಸರು ಹೂವಮ್ಮ. ಹೊನ್ನೆಮರಡಿನಲ್ಲಿ ಬಿಂದುವಿನ ಅತ್ತೆಯ ಮನೆಯಲ್ಲಿದ್ದವರು ಈಗೊಂದು ತಿಂಗಳಿಂದ ಇಲ್ಲಿದ್ದಾರೆ. ಅಜ್ಜಿಗೆ ಒಂದೇ ಒಂದು ಚಟ, ತೊಳೆಯುವುದು. ಮನೆಯೊಳಗೆ ಏನು ಬಂದರೂ ಅದಕ್ಕೆ ಮೊದಲು ಸ್ನಾನ. ಹಾಲಿನ ಪ್ಯಾಕೆಟ್ ತೊಳೆಯುತ್ತಾರೆ. ಬಾಳೆಹಣ್ಣನ್ನು ಸಿಪ್ಪೆ ಸಮೇತ ತೊಳೆಯುತ್ತಾರೆ. ಬಂದ ಹೊಸದರಲ್ಲಿ ಬಿಂದುವಿನ ಸ್ಕೂಲ್ ಬ್ಯಾಗನ್ನು ಕಲರ್ ಬಾಕ್ಸ್ ಒಳಗಿರುವಾಗಲೇ ನೆನೆಸಿಟ್ಟಿದ್ದರು, ಅದು ಕಾಮನಬಿಲ್ಲಾಗಿ ಎದ್ದುಬಂದಿತ್ತು. ಅಷ್ಟೇ ಅಲ್ಲ, ನಿನ್ನೆ ಸಂಜೆ ಬಿಂದು ಆಡಿ ಬಂದಾಗ ಅಜ್ಜಿ ಒದ್ದೆ ಬಟ್ಟೆ ಹಿಡಿದು ಟ್ಯಾಂಕಿನ ಎದುರೇ ನಿಂತಿದ್ದರು.

"ನೀನೇ! ನೀನೇ ಸ್ಪಂಜನ್ನ ಹೊರಗೆ ತೆಗೆದು ತೊಳೆದಿದ್ದು!"

ಅಜ್ಜಿ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದರು. "ಎಂತ ಹೇಳ್ತಿದೀಯೇ? ನಾನ್ಯಾಕೆ ಅದನ್ನ ತೆಗೀಲಿ?"

"ನಿನ್ನೆ ಬಟ್ಟೆ ಹಿಡ್ಕಂಡು ನಿಂತಿದ್ದೆ. ನಾನು ನೋಡಿದೀನಿ."

"ಗಾಜಿನ ಹೊರಗೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನ ಒರೆಸ್ದೆ. ಒಳಗೆ ಬೆರಳೂ ಅದ್ದಿಲ್ಲ."

"ಸುಳ್ಳು!"

"ಏ ಹುಡುಗಿ!" ಅಜ್ಜಿಯ ಧ್ವನಿಯೂ ಏರಿತು. ಸಿಟ್ಟಿನಲ್ಲಿ ಅಜ್ಜಿ ಮೊಮ್ಮಗಳಿಗೇನೂ ಕಡಿಮೆಯಿರಲಿಲ್ಲ. "ಯಾರಿಗೆ ಸುಳ್ಳು ಅಂತೀಯ? ದೇವರಾಣೆಗೂ ನಾನು ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ."

"ಮತ್ತೆ ಅದಕ್ಕೇ ಕಾಲು ಬಂದು ಹೊರಗೆ ಹೋಗಿ ಬಂತಾ? ಬ್ಯಾಗ್ ಹಾಳು ಮಾಡ್ದೆ. ಈಗ ನನ್ನ ಜಿಲೇಬೀನ ಕೊಂದೆ. ನೀನು ಮುಟ್ಟಿದ್ದೆಲ್ಲ ಹಾಳಾಗ್ತದೆ! ನೀನು ಅತ್ತೆ ಮನೇಲೇ ಇರ್ಬೇಕಿತ್ತು!"

ನಿಶಾಂತ್, "ಬಿಂದೂ..." ಎಂದ. ಅಜ್ಜಿ ಸೌಟನ್ನು ಅಡುಗೆ ಕಟ್ಟೆಯ ಮೇಲಿಟ್ಟು, ಒಲೆ ಆರಿಸಿ, ಹಿಂದಿನ ಬಾಗಿಲು ತೆರೆದು ಹಿತ್ತಿಲಿಗೆ ಹೋದರು. ಬಾಗಿಲು ದಢಾರನೆ ಹಾಕಿಕೊಂಡಿತು.

ಬಿಂದುವಿಗೆ ಎದೆಯಲ್ಲಿ ಎಲ್ಲೋ ಒಂದು ಚೂರು ಚುಚ್ಚಿದಂತಾಯಿತು. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಿಟ್ಟು ಇನ್ನೂ ಬಿಸಿಯಾಗಿತ್ತು.

"ಬಕೆಟ್ ತಾ," ಎಂದ ನಿಶಾಂತ್. "ಜಗಳ ಆಮೇಲೆ. ಬೂಂದಿ ಉಳೀಬೇಕಾ ಬೇಡ್ವಾ?"

ಸ್ಪಂಜನ್ನು ತೆಗೆಯುವಾಗ ಅದು ಅವನ ಕೈಯಲ್ಲೇ ಹಿಸುಕಿದ ಹಣ್ಣಿನಂತೆ ಒಡೆಯಿತು. ಆ ವಾಸನೆಗೆ ಇಬ್ಬರೂ ಮುಖ ತಿರುಗಿಸಿದರು. ಬಿಂದು ಸತ್ತ ಜಿಲೇಬಿಯನ್ನು ಸಣ್ಣ ಬಲೆಯಲ್ಲಿ ಎತ್ತಿ ಬಾಳೆಎಲೆಯ ಚೂರಿನ ಮೇಲೆ ಮಲಗಿಸಿದಳು. ಮೆಟ್ಟಿಲ ಕೆಳಗೆ ಸಮುದ್ರದ ನೀರಿನ ಒಂದು ಕ್ಯಾನು ಮಾತ್ರ ಉಳಿದಿತ್ತು. ಮಗ್ಗಿನಿಂದ ಹಳೆಯ ನೀರನ್ನು ಹೊರಗೆ ತೆಗೆದು, ಕ್ಯಾನಿನ ನೀರನ್ನು ಮೆಲ್ಲಗೆ ಸುರಿದು, ಗಾಳಿ ಮೋಟರ್ ಜೋರು ಮಾಡಿದರು. ಬಿಳಿ ಸ್ವಲ್ಪ ಕಡಿಮೆಯಾಯಿತು, ಅಷ್ಟೆ. ಬೂಂದಿ ಬಾಯಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇದು ಸಾಲಲ್ಲ," ಎಂದ ನಿಶಾಂತ್. "ಚಿಕ್ಕಪ್ಪ ಇವತ್ತು ನೀರು ತರ್ತಾರಲ್ವಾ?"

"ತರ್ತಾರೆ. ಆದ್ರೆ ಭಾನುವಾರ ಮಾರ್ಕೆಟ್ಟಲ್ಲಿ ರಶ್ಶು. ಅಮ್ಮನೂ ಅಲ್ಲೇ ಇದಾಳೆ." ಬಿಂದು ಅಪ್ಪನಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಅಮ್ಮನಿಗೆ ಮಾಡಿದಳು. ಅಮ್ಮ ಎತ್ತಿ, "ಬಂಗುಡೆ ಕ್ಲೀನ್ ಮಾಡ್ತಿದೀನಿ, ಕೈ ಕೊಳೆ, ಆಮೇಲೆ ಮಾಡೇ," ಎಂದು ಇಟ್ಟೇಬಿಟ್ಟಳು. ಬಿಂದು ಫೋನಿಗೂ ಬೈದಳು.

ಬಿದ್ದ ಚೂರುಗಳು ಉಳಿದಿರಬಾರದೆಂದು ನಿಶಾಂತ್ ಟಾರ್ಚ್ ಹಿಡಿದು ಕಲ್ಲನ್ನು ನೀರೊಳಗೇ ಸ್ವಲ್ಪ ಓರೆ ಮಾಡಿದ. ಕಲ್ಲಿನ ಅಡಿಯಲ್ಲಿ, ಬೆಳಕು ಬೀಳದ ಕಡೆ, ಸಾಸಿವೆ ಕಾಳಿನಷ್ಟು ಸಣ್ಣ ಬಿಳಿ ಗಂಟುಗಳಿದ್ದವು. ಅವುಗಳ ಪಕ್ಕದಲ್ಲಿ ಮಾಸಲು ಹಳದಿಯ ತೆಳ್ಳನೆಯ ಪದರ ಹರಡಿತ್ತು.

"ಇದೆಂತದು? ಇದೂ ಕೊಳೆತಿದ್ದಾ?"

"ಇಲ್ಲ ಮಾರಾಯ್ತಿ. ಇವೂ ಸ್ಪಂಜೇ."

"ಹಂಗಾದ್ರೆ ಕಿತ್ತು ಬಿಸಾಕು! ನಂಗೆ ಯಾವ ಸ್ಪಂಜೂ ಬೇಡ! ಎಲ್ಲಾ ವಿಷ!" ಬಿಂದು ಟ್ಯಾಂಕಿನೊಳಗೆ ಕೈ ಹಾಕಲು ಹೋದಳು.

ನಿಶಾಂತ್ ಅವಳ ಮಣಿಕಟ್ಟು ಹಿಡಿದುಕೊಂಡ. "ತಡಿಯೇ. ಇವು ಕಲ್ಲಿನ ಜೊತೆ ತಾವಾಗೇ ಬಂದವು. ಯಾರೂ ತಂದಿದ್ದಲ್ಲ. ಇಷ್ಟು ದಿನ ಇಲ್ಲೇ ಇದ್ವು, ಎಂತ ಆಯ್ತು ನಿನ್ನ ಮೀನಿಗೆ? ಏನೂ ಆಗ್ಲಿಲ್ಲ. ಕತ್ತಲಲ್ಲಿ ಕೂತು ಇವೇ ನೀರು ಸೋಸ್ತಿದ್ದಿದ್ದು."

"ಇಷ್ಟು ಸಣ್ಣವಾ?"

"ಹೂಂ. ನೀನು ಬಣ್ಣದ್ದು ಬೇಕು ಅಂದೆ. ಇವು ನಿಂಗೆ ಕಾಣ್ಲೇ ಇಲ್ಲ."

ಬಿಂದು ಕೈ ಹಿಂದೆ ತೆಗೆದುಕೊಂಡಳು. ಅವನು ಹೇಳಿದ್ದು ಸರಿ ಎನಿಸಿತು. ಸರಿ ಎನಿಸಿದ್ದಕ್ಕೇ ಇನ್ನಷ್ಟು ರೇಗಿತು. ನಿಶಾಂತ್ ಕಲ್ಲನ್ನು ಮೊದಲಿನ ಹಾಗೇ ಮೆಲ್ಲಗೆ ಕೂರಿಸಿದ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೊಸ ಫ್ರಾಕು ಹಾಕಿಕೊಂಡ ಸೌಜನ್ಯಾ ಒಳಗೆ ಬಂದಳು. ಬಂದವಳೇ ಮೂಗು ಮುಚ್ಚಿಕೊಂಡಳು.

"ಇಶ್ಶೀ! ಎಂತ ವಾಸನೆ ಕಣೇ? ನಿನ್ನ ಪ್ರಾಣಿ ಎಲ್ಲಿ?"

"ಸತ್ತೋಯ್ತು. ನಗೋದಿದ್ರೆ ನಕ್ಕುಬಿಡು."

ಸೌಜನ್ಯಾ ನಗಲಿಲ್ಲ. ಬಾಳೆಎಲೆಯ ಮೇಲಿದ್ದ ಜಿಲೇಬಿಯನ್ನು ನೋಡಿ ಮೂಗಿನಿಂದ ಕೈ ತೆಗೆದಳು. "ಅಯ್ಯೋ, ಪಾಪ. ಹೆಂಗಾಯ್ತೇ?"

"ನಮ್ಮಜ್ಜಿ ಸ್ಪಂಜನ್ನ ಹೊರಗೆ ತೆಗೆದು ತೊಳೆದಿದಾಳೆ."

"ಹೌದಾ! ಅಜ್ಜಿ ತೊಳೆಯೋದನ್ನ ನೀನು ನೋಡಿದ್ಯಾ?"

"ನೋಡ್ಬೇಕಾ? ಅವಳ ಕೆಲಸವೇ ಅದು."

"ನೋಡ್ದೇ ಇದ್ರೆ ಹೆಂಗೆ ಹೇಳ್ತೀಯ?" ಸೌಜನ್ಯಾ ಸುಮ್ಮನೆ ಕೇಳಿದ್ದಳು. ಲೆಕ್ಕದ ಪಿರಿಯಡ್ಡಿನಲ್ಲೂ ಅವಳು ಟೀಚರನ್ನು ಹೀಗೆಯೇ ಕೇಳುತ್ತಾಳೆ.

"ನೀನು ನನ್ನ ಫ್ರೆಂಡಾ, ಅಜ್ಜಿ ಫ್ರೆಂಡಾ? ಹೋಗು, ಅಲ್ಲಿ ಹಿತ್ತಿಲಲ್ಲಿ ಕೂತಿದಾಳೆ, ಅವಳ ಜೊತೆಗೇ ಕೂತ್ಕ ಹೋಗು!"

ಸೌಜನ್ಯಾಳ ಮುಖ ಸಣ್ಣಗಾಯಿತು. "ನಾನು ಮನೆಗೇ ಹೋಗ್ತೀನಿ," ಎಂದು ಬಂದ ದಾರಿಯಲ್ಲೇ ಹೊರಟುಹೋದಳು. ಗೇಟನ್ನು ಮಾತ್ರ ಮೆತ್ತಗೆ ಹಾಕಿದಳು. ಜೋರಾಗಿ ಹಾಕಿದ್ದರೆ ಬಿಂದುವಿಗೆ ಸಮಾಧಾನವಾಗುತ್ತಿತ್ತು.

ಬೆಳಗಿನಿಂದ ಬಿಂದು ಎಲ್ಲರ ಮೇಲೂ ಕೂಗಿ ಮುಗಿಸಿದ್ದಳು. ಈಗ ಕೂಗಲು ಯಾರೂ ಉಳಿದಿರಲಿಲ್ಲ. ಟ್ಯಾಂಕಿನ ಮುಂದೆ ಮಂಡಿಯೂರಿ ಕೂತು, "ಸಾಯ್ಬೇಡ ಬೂಂದಿ, ಸಾಯ್ಬೇಡ, ಅಪ್ಪ ನೀರು ತರ್ತಾನೆ," ಎನ್ನುತ್ತಿದ್ದಳು. ಬೂಂದಿಯ ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು. ಒಮ್ಮೆ ಅದು ವಾಲಿ ಪಕ್ಕಕ್ಕೆ ಜಾರಿತು. ಬಿಂದು ಗಾಜಿಗೆ ಎರಡೂ ಅಂಗೈ ಒತ್ತಿದಳು. ಆಮೇಲೆ ಅದು ಮತ್ತೆ ಸರಿಯಾಗಿ ನಿಂತಿತು.

ಯಾರೂ ಊಟಕ್ಕೆ ಕೂರಲಿಲ್ಲ. ಅಜ್ಜಿ ಒಳಗೆ ಬರಲೂ ಇಲ್ಲ.

ಅಂತೂ ಅಪ್ಪನ ವ್ಯಾನಿನ ಹಾರ್ನ್ ಕೇಳಿತು. ಅಮ್ಮ ಅಂಗಡಿಯಲ್ಲೇ ಉಳಿದಿದ್ದಳು. ಅಪ್ಪ ಒಬ್ಬರೇ ಉಣ್ಣಲು ಬಂದಿದ್ದರು. ಬಿಂದು ಬರಿಗಾಲಲ್ಲೇ ರಸ್ತೆಗೆ ಓಡಿದಳು.

"ಅಪ್ಪಾ, ನೀರು! ನೀರು ತಂದಿದೀಯಾ?"

"ಎರಡು ಕ್ಯಾನ್ ಇದೆಯಲ್ಲೇ. ಎಂತಾಯ್ತು?"

ಅವಳು ಉತ್ತರ ಕೊಡದೆ ಕ್ಯಾನನ್ನು ಎಳೆಯತೊಡಗಿದಳು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಪ್ಪ ಒಂದೊಂದು ಕೈಯಲ್ಲಿ ಒಂದೊಂದು ಕ್ಯಾನ್ ಎತ್ತಿಕೊಂಡು ಒಳಗೆ ಬಂದವರು ಟ್ಯಾಂಕು ನೋಡಿ, "ಅಯ್ಯಯ್ಯೋ!" ಎಂದರು. ಕೈ ತೊಳೆದುಕೊಂಡು ಅವರೂ ಸೇರಿದರು. ನಿಶಾಂತ್ ಹಳೆಯ ನೀರು ತೆಗೆದ. ಅಪ್ಪ ಕ್ಯಾನನ್ನು ಓರೆ ಹಿಡಿದು, ಮರಳು ಕದಡದಂತೆ ಬಿಂದುವಿನ ಅಂಗೈ ಮೇಲೆ ಹರಿಸಿ ಹೊಸ ನೀರು ಬಿಟ್ಟರು. ಎರಡನೇ ಕ್ಯಾನು ಮುಗಿಯುವಷ್ಟರಲ್ಲಿ ಹಿಂದಿನ ಗೋಡೆ ಮಸುಕಾಗಿ ಕಾಣತೊಡಗಿತು.

ಮೂವರೂ ಬಗ್ಗಿ ನೋಡಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೂಂದಿ ಮೂತಿ ಕೆಳಗಿಳಿಸಿತು. ಮೂಲೆ ಬಿಟ್ಟು ಒಂದು ಗೇಣು ಈಜಿತು, ನಿಂತಿತು, ಇನ್ನೊಂದು ಗೇಣು ಈಜಿತು. ಬಾಯಿ ಬಡಿಯುವುದು ನಿಂತಿತ್ತು.

"ಬದುಕ್ತದೆ," ಎಂದ ನಿಶಾಂತ್.

ಬಿಂದುವಿಗೆ ಈಗ ಅಳು ಬಂತು. ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅವರ ಅಂಗಿಯಿಂದ ಮೀನಿನ ವಾಸನೆ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚುತ್ತಿದ್ದರು, ಬಿಂದುವಿಗೆ ಅದು ಅಪ್ಪನ ವಾಸನೆ.

"ಅಳಬೇಡ್ವೇ. ಇನ್ನೊಂದು ಜಿಲೇಬಿ ತರಿಸೋಣ. ಸ್ಪಂಜೂ ಅಷ್ಟೇ. ನಾಳೆನೇ ಮಾಸ್ತಪ್ಪಂಗೆ ಹೇಳ್ತೀನಿ, ಇದಕ್ಕಿಂತ ದೊಡ್ಡದು ತರ್ತೀನಿ."

"ಯಾರು ಮಾಸ್ತಪ್ಪ?" ಎಂದು ಕೇಳಿದ ನಿಶಾಂತ್.

"ಬೋಟಿನವನು. ಅವನ ಬಲೇಲೇ ಅದು ಸಿಕ್ಕಿದ್ದು. ಕಸ ಅಂತ ಬಿಸಾಕ್ತಿದ್ರು, ಕಾಡಿ ಬೇಡಿ ಇಸ್ಕಂಡೆ." ಅಪ್ಪನ ಮುಖ ಅರಳಿತು. "ಹೆಂಗೆ ತಂದೆ ಗೊತ್ತಾ? ಬೇರೆ ಮೀನಿನ ಜೊತೆ ಹಾಕಿದ್ರೆ ಗಲೀಜಾಗ್ತದೆ ಅಂತ ಒಂದು ಥರ್ಮಾಕೋಲ್ ಪೆಟ್ಟಿಗೆ ಪೂರ್ತಿ ಅದಕ್ಕೇ ಬಿಟ್ಟೆ. ಕೆಳಗೆ ಐಸು, ಮೇಲೆ ಐಸು. ಘಾಟಿ ತಿರುವಲ್ಲಿ ಅಲ್ಲಾಡ್ಬಾರ್ದು ಅಂತ ಸುತ್ತ ಪೇಪರ್ ತುರುಕಿದೆ. ಅಷ್ಟು ರೇಟಿನ ಅಂಜಲ್ ಮೀನಿಗೂ ಅಂಥ ಮರ್ಯಾದೆ ಕೊಟ್ಟವನಲ್ಲ ನಾನು! ಮನೆಗೆ ಬಂದು ಮುಚ್ಚಳ ತೆಗೆದ್ರೆ ಫ್ರೆಶ್ ಅಂದ್ರೆ ಫ್ರೆಶ್. ಬಣ್ಣ ಒಂಚೂರೂ ಕಮ್ಮಿ ಆಗಿರ್ಲಿಲ್ಲ."

ಬಿಂದುವಿನ ಅಳು ನಿಂತುಹೋಯಿತು.

ಪೆಟ್ಟಿಗೆ. ಐಸು. ಪೇಪರು. ನೀರು ಎಲ್ಲಿ? ಹೊನ್ನಾವರದಿಂದ ಘಾಟಿ ಹತ್ತಿ ಸಾಗರದವರೆಗೆ, ಅಷ್ಟು ದೂರ, ಸ್ಪಂಜು ಗಾಳಿಯಲ್ಲಿ ಬಂದಿತ್ತು. ಬಣ್ಣ ಹಾಗೇ ಇತ್ತು, ಅಷ್ಟೆ. ವಾರವಿಡೀ ಅವಳು ಮುಂದೆ ಕೂತು ಚಂದ ನೋಡಿದ್ದು ಸಾಯುತ್ತಿದ್ದ ಸ್ಪಂಜನ್ನು.

ಅವಳು ನಿಶಾಂತನ ಮುಖ ನೋಡಿದಳು. ಅವನಿಗೂ ತಿಳಿದಿತ್ತು. ಅವನು ನೆಲ ನೋಡುತ್ತಿದ್ದ.

ಸಿಟ್ಟು ಮತ್ತೆ ಬುಸುಗುಟ್ಟಿ ಎದ್ದಿತು. ಅಪ್ಪಾ, ನೀನೇ ಕೊಂದಿದ್ದು! ನಿಂಗೆ ಅಷ್ಟೂ ಗೊತ್ತಾಗಲ್ವಾ? ಎಂಬ ಮಾತು ನಾಲಿಗೆಯ ತುದಿಗೇ ಬಂತು. ಬಂದದ್ದು ಅಲ್ಲೇ ನಿಂತಿತು. ಐಸಿನಲ್ಲಿ ದಿನವಿಡೀ ಇದ್ದು ಅಪ್ಪನ ಬೆರಳುಗಳು ಸುಕ್ಕುಸುಕ್ಕಾಗಿದ್ದವು. ಒಂದು ಪೆಟ್ಟಿಗೆ ಪೂರ್ತಿ ಅವಳಿಗೋಸ್ಕರ ಬಿಟ್ಟಿದ್ದರು. ಅಪ್ಪನಿಗೆ ಹಾಗೆ ಹೇಳಿದರೆ ಅವರ ಮುಖ ಹೇಗಾದೀತು ಎಂದು ಅವಳು ಯೋಚಿಸಿದಳು.

ಹೀಗೆ ಯೋಚಿಸುತ್ತಿರುವಾಗಲೇ ಅವಳಿಗೆ ಬೆಳಿಗ್ಗೆ ಕಂಡ ಅಜ್ಜಿಯ ಮುಖ ಕಣ್ಣ ಮುಂದೆ ಬಂತು. ಆಗ ಅವಳು ಒಂದು ಗಳಿಗೆಯೂ ಹೀಗೆ ಯೋಚಿಸಿರಲಿಲ್ಲ.

ಆದರೂ ಹೇಳದೆ ಇರುವಂತಿರಲಿಲ್ಲ. ಸುಮ್ಮನಿದ್ದರೆ ಅಪ್ಪ ನಾಳೆ ಇನ್ನೊಂದು ಸ್ಪಂಜು ತರುತ್ತಾರೆ, ಅದೂ ಐಸಿನ ಮೇಲೆ.

"ಅಪ್ಪಾ," ಎಂದಳು ಮೆಲ್ಲಗೆ. "ಇನ್ನೊಂದು ಬೇಡ. ಸ್ಪಂಜಿಗೆ ಗಾಳಿ ತಾಗ್ಬಾರ್ದಂತೆ. ನೀರಲ್ಲೇ ತರ್ಬೇಕಂತೆ. ಉಡುಪಿಯವರು ಹೇಳಿದ್ರು."

ಅಪ್ಪ ನಕ್ಕರು. "ಏ, ಐಸಲ್ಲಿ ಇಟ್ಟಿದ್ದು ಹಾಳಾಗ್ತದಾ? ಇಷ್ಟು ವರ್ಷದಿಂದ ಮೀನು..."

ಮಾತು ಅರ್ಧಕ್ಕೇ ನಿಂತಿತು. ಅವರು ಟ್ಯಾಂಕನ್ನು ನೋಡಿದರು, ಬಾಳೆಎಲೆಯ ಚೂರನ್ನು ನೋಡಿದರು.

"ಮೀನು ಸತ್ತ ಮೇಲಲ್ವಾ ಐಸಲ್ಲಿ ಇಡೋದು," ಎಂದರು ತಮ್ಮಷ್ಟಕ್ಕೆ. "ಹಂಗಾದ್ರೆ ನಾನೇ ಕೊಂದಂಗಾಯ್ತಲ್ಲೇ ಮಗಾ."

"ನಿಂಗೆ ಗೊತ್ತಿರ್ಲಿಲ್ಲ ಅಪ್ಪಾ. ನೀನು ಬೇಕು ಅಂತ ಮಾಡಿದ್ದಲ್ಲ."

ಎಷ್ಟು ಮೆತ್ತಗೆ ಬಂದಿತ್ತು ಆ ಮಾತು! ಅದು ತನ್ನದೇ ಧ್ವನಿಯೆಂದು ಬಿಂದುವಿಗೆ ನಂಬಲಾಗಲಿಲ್ಲ. ಹಾಗಾದರೆ ಈ ಧ್ವನಿ ಬೆಳಿಗ್ಗೆಯೂ ಅವಳ ಬಳಿ ಇತ್ತು. ಅಜ್ಜಿಗೆ ಮಾತ್ರ ಕೊಟ್ಟಿರಲಿಲ್ಲ.

ಅವಳು ಅಪ್ಪನ ತೊಡೆಯಿಂದ ಇಳಿದು ಹಿಂದಿನ ಬಾಗಿಲು ತೆರೆದಳು.

ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ತಿರುಗಿ ನೋಡಲಿಲ್ಲ.

"ಅಜ್ಜೀ."

ಅಜ್ಜಿ ಇನ್ನೊಂದು ಎಲೆ ಬಿಡಿಸಿದರು.

"ನೀನು ಸ್ಪಂಜು ತೆಗ್ದಿರ್ಲಿಲ್ಲ."

"ಅದನ್ನ ನಾನು ಬೆಳಿಗ್ಗೇನೇ ಹೇಳಿದ್ದೆ. ಆಣೆ ಹಾಕಿ ಹೇಳಿದ್ದೆ."

"ಹೂಂ. ತಪ್ಪಾಯ್ತು ಅಜ್ಜಿ."

ಈಗ ಅಜ್ಜಿ ಕೈ ಚಾಚಿ ಹತ್ತಿರ ಎಳೆದುಕೊಳ್ಳುತ್ತಾರೆ ಎಂದುಕೊಂಡಿದ್ದಳು ಬಿಂದು. ಅಜ್ಜಿ ಒಂದು ದಂಟು ಮುರಿದು ಬುಟ್ಟಿಗೆ ಹಾಕಿದರು. ಇನ್ನೊಂದು ಮುರಿದರು.

"ನಿಂಗೆ ಬೇಕಾದಾಗ ಬೈತೀಯ. ಬೇಕಾದಾಗ ತಪ್ಪಾಯ್ತು ಅಂತೀಯ," ಎಂದರು. "ನಂಗೆ ಇನ್ನೂ ಸಿಟ್ಟು ಇಳ್ದಿಲ್ಲ."

"ಯಾವಾಗ ಇಳೀತದೆ?"

"ನಂಗೆಂತ ಗೊತ್ತು? ಇಳಿದಾಗ ಇಳೀತದೆ."

ತಪ್ಪಾಯ್ತು ಅಂದ್ನಲ್ಲ, ಇನ್ನೆಂತ ಹೇಳ್ಬೇಕು? ಎಂದು ಕೇಳಲು ಬಿಂದು ಬಾಯಿ ತೆರೆದಳು. ಕೇಳದೆ ಮುಚ್ಚಿದಳು. ಬೆಳಗಿನಿಂದ ಅವಳು ಎಲ್ಲರ ಮೇಲೂ ಸಿಟ್ಟು ಮಾಡಿದ್ದಳು, ಸಾಕೆನಿಸುವಷ್ಟು ಮಾಡಿದ್ದಳು. ಇದು ಅಜ್ಜಿಯ ಸಿಟ್ಟು. ಇದನ್ನು ಅವಸರ ಮಾಡಿಸಲು ಬರುವುದಿಲ್ಲ.

ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು. ಅಜ್ಜಿ ಹೋಗು ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಬಿಂದು ಕಾಯುತ್ತ ಕೂತಳು.